ಪ್ರೆಶರ್, ಎಳೆತ, ಬಾಗು ಮೂರೂ ಒಟ್ಟಿಗೆ: ಉಕ್ಕಿನ ಪೈಪ್ ಪರೀಕ್ಷೆ ಹಂತ ಹಂತವಾಗಿ

ಪುಣೆಯ ಭೋಸರಿ, ಚಾಕಣ, ತಳೇಗಾಂವ್ ಕಡೆ ಶೆಡ್‌ಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. ಬರೀ ಹೈಡ್ರೋ ಟೆಸ್ಟ್ (ನೀರು ತುಂಬಿ ಪ್ರೆಶರ್ ಹಾಕುವುದು) ಮಾಡಿದರೆ ಪೈಪ್ ಪಾಸ್. ಬರೀ ಎಳೆದರೂ ಪಾಸ್. ಎರಡನ್ನೂ ಸೇರಿಸಿ ಮೇಲೆ ಬಾಗಿಸಲು ಹೋದರೆ ರೀಡಿಂಗ್ ಲೆಕ್ಕಕ್ಕೆ ಹೊಂದುವುದೇ ಇಲ್ಲ. "ಅಣ್ಣಾ, ಲೆಕ್ಕದಾಗ 40 ಬರ್ತೈತಿ, ಗೇಜಿನಾಗ 16 ತೋರ್ಸಾಕತ್ತೈತಿ" ಎಂದು ವಿಜಯಪುರದ ಹುಡುಗನೊಬ್ಬ ಉದ್ದದ ದಿಕ್ಕಿನ ಸ್ಟ್ರೆಸ್ (ಪ್ರತಿ ಚದರ ಮಿ.ಮೀ. ಉಕ್ಕಿನ ಮೇಲಿನ ಬಲ) ಬಗ್ಗೆ ಕಳಿಸಿದ ಸಂದೇಶಕ್ಕೆ ಉತ್ತರವೂ ಕೆಳಗೆ ಇದೆ.

ಇಂಥ ಟೆಸ್ಟ್‌ಗಳಲ್ಲಿ ತಪ್ಪು ಪೈಪ್‌ನಲ್ಲಿ ಇರುವುದು ಕಡಿಮೆ. ಪ್ರೆಶರ್ ಏರಿಸಿದಾಗ ತುದಿಯ ಮುಚ್ಚಳದ ಮೇಲೆ ಬೀಳುವ ಬಲ ಯಾರ ಹೆಗಲಿಗೆ ಹೋಗುತ್ತಿದೆ, ಪೈಪ್‌ಗೋ ಫ್ರೇಮ್‌ಗೋ ಅಂತ ಯಾರೂ ನೋಡಿರುವುದಿಲ್ಲ. ಅದೊಂದು ಗೊತ್ತಾದರೆ ಅರ್ಧ ಜಗಳ ಮುಗಿಯಿತು.

ಇಲ್ಲಿ ಹೇಳುವುದು ಯೀಲ್ಡ್‌ಗಿಂತ (ಲೋಡ್ ಬಿಟ್ಟರೂ ಉಕ್ಕು ಮೊದಲಿನಂತಾಗದ ಮಟ್ಟ) ಕೆಳಗೆ ನಿಲ್ಲಿಸುವ ಪರೀಕ್ಷೆ. ಪೈಪ್ ಒಡೆಯುವವರೆಗೆ ಹೋಗುವುದು, ಹೊರಗಿನಿಂದ ಪ್ರೆಶರ್ ಹಾಕಿ ಕುಸಿಯುವಂತೆ ಮಾಡುವುದು ಶೆಡ್‌ನ ಕೆಲಸವಲ್ಲ. ಅದಕ್ಕೆ ಬಂಕರ್‌ನಂಥ ಕೋಣೆ ಇರುವ ಲ್ಯಾಬ್ ಬೇಕು. ತೈಲ ಬಾವಿಯ ಕೇಸಿಂಗ್ ಜೋಡಣೆಗೆ ಗ್ರಾಹಕರು ಎಪಿಐ ಆರ್‌ಪಿ 5ಸಿ5 ಅಥವಾ ಐಎಸ್‌ಒ 13679 ಸ್ಟ್ಯಾಂಡರ್ಡ್ ಪ್ರಕಾರ ಟೆಸ್ಟ್ ಕೇಳಿದರೂ ಅಷ್ಟೇ, ಲ್ಯಾಬ್‌ಗೇ ಕಳಿಸಿ.

ಬೇಕಾಗುವ ಸಾಮಾನು

ಹೈಡ್ರೋ ಟೆಸ್ಟ್ ಪಂಪ್ (ಕೈಪಂಪ್ ಸಾಕು, ನಿಧಾನವಾಗಿ ಏರಿಸಲು ಅದೇ ವಾಸಿ), ರಿಲೀಫ್ ವಾಲ್ವ್, ಎರಡು ಪ್ರೆಶರ್ ಗೇಜ್, ಎಳೆಯಲು ಒಂದು ಹೈಡ್ರಾಲಿಕ್ ಜಾಕ್, ಬಾಗಿಸಲು ಇನ್ನೊಂದು, ಎರಡಕ್ಕೂ ಬಲ ಅಳೆಯುವ ಲೋಡ್ ಸೆಲ್. ಡಯಲ್ ಗೇಜ್, ಅಲ್ಟ್ರಾಸಾನಿಕ್ ಥಿಕ್‌ನೆಸ್ ಗೇಜ್, ಮೈಕ್ರೋಮೀಟರ್. ಸ್ಟ್ರೇನ್ ಗೇಜ್ (ಉಕ್ಕು ಎಷ್ಟು ಹಿಗ್ಗಿತು, ಕುಗ್ಗಿತು ಅಂತ ಅಳೆಯಲು ಮೈಗೆ ಅಂಟಿಸುವ ಗೇಜ್) ಮತ್ತು ಅದರ ರೀಡಿಂಗ್ ತೆಗೆಯುವ ಪೆಟ್ಟಿಗೆ. ತಂತಿ, ಸೋಲ್ಡರ್, ಮಲ್ಟಿಮೀಟರ್ ಪುಣೆಯ ಬುಧವಾರ ಪೇಠೆಯಲ್ಲಿ ಸಿಗುತ್ತವೆ. ಗೇಜ್‌ಗಳಿಗೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಬೇಕೇ ಬೇಕು.

ಲೋಡ್ ಸೆಲ್ ಉಳಿಸಲು ಜಾಕ್‌ನ ಪ್ರೆಶರ್ ನೋಡಿ ಬಲ ಲೆಕ್ಕ ಹಾಕುವವರು ಬಹಳ. ಜಾಕ್ ಒಳಗಿನ ಸೀಲ್ ತಿಕ್ಕಾಟದಲ್ಲಿ ಒಂದಿಷ್ಟು ಬಲ ಹೋಗುತ್ತದೆ. ಏರಿಸುವಾಗ ಒಂದು ರೀತಿ, ಇಳಿಸುವಾಗ ಇನ್ನೊಂದು ರೀತಿ. ಆ ಉಳಿತಾಯ ಬೇಡ.

ಹಂತ 1: ಪೈಪ್ ಅಳೆಯಿರಿ, ಪುಸ್ತಕದ ಅಳತೆ ನಂಬಬೇಡಿ

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಪೈಪನ್ನೇ ತೆಗೆದುಕೊಳ್ಳೋಣ: 4 ಇಂಚು, ಶೆಡ್ಯೂಲ್ 40 (ಗೋಡೆ ದಪ್ಪದ ವರ್ಗ), ಎಎಸ್‌ಟಿಎಂ ಎ106 ಸ್ಟ್ಯಾಂಡರ್ಡ್‌ನ ಗ್ರೇಡ್ ಬಿ. ಹೊರವ್ಯಾಸ 114.3 ಮಿ.ಮೀ., ಗೋಡೆ 6.02 ಮಿ.ಮೀ., ಯೀಲ್ಡ್ ಕನಿಷ್ಠ 240 ಎಂಪಿಎ (ಮೆಗಾಪ್ಯಾಸ್ಕಲ್).

ಆ ಸ್ಟ್ಯಾಂಡರ್ಡ್ ಪ್ರಕಾರ ಗೋಡೆ 12.5 ಶೇಕಡಾ ತೆಳುವಾಗಿದ್ದರೂ ಪೈಪ್ ಒಪ್ಪಿತವೇ. ಅಂದರೆ 5.27 ಮಿ.ಮೀ. ಇದ್ದರೂ ವ್ಯಾಪಾರಿ ತಪ್ಪು ಮಾಡಿದಂತಲ್ಲ. ಆದರೆ ನಿಮ್ಮ ಲೆಕ್ಕ ಪೂರ್ತಿ ಬದಲಾಗುತ್ತದೆ. ಎಷ್ಟು ಅಂತ ಮುಂದಿನ ಹಂತದಲ್ಲಿ ನೋಡಿ.

ಪೈಪ್‌ನ ಉದ್ದಕ್ಕೂ ಹಲವು ಕಡೆ, ಪ್ರತಿ ಕಡೆ ಸುತ್ತ ಎಂಟು ಬಿಂದುಗಳಲ್ಲಿ ದಪ್ಪ ಅಳೆಯಿರಿ. ಹೊರವ್ಯಾಸವನ್ನು ಅಡ್ಡಕ್ಕೂ, ಮೇಲಿಂದ ಕೆಳಕ್ಕೂ ಅಳೆದರೆ ಪೈಪ್ ಎಷ್ಟು ಮೊಟ್ಟೆಯಾಕಾರ ಆಗಿದೆ ಅಂತ ಗೊತ್ತಾಗುತ್ತದೆ. ಅತಿ ತೆಳು ಜಾಗಕ್ಕೆ ಚಾಕ್‌ಪೀಸ್‌ನಿಂದ ಗುರುತು ಹಾಕಿ. ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚ್‌ನ ಸಂಖ್ಯೆ) ಮಿಲ್ ಸರ್ಟಿಫಿಕೇಟ್‌ನ ಜೊತೆ ತಾಳೆ ಹಾಕಿ. ಇಆರ್‌ಡಬ್ಲ್ಯೂ (ಉದ್ದಕ್ಕೂ ವೆಲ್ಡ್ ಇರುವ) ಪೈಪ್ ಆದರೆ ಆ ವೆಲ್ಡ್‌ನ ಗೆರೆ, ಅಂದರೆ ಸೀಮ್, ಎಲ್ಲಿದೆ ಎಂದು ಗುರುತಿಸಿ, ಬಾಗಿಸುವಾಗ ಅದು ಎಳೆತದ ಕಡೆ ಬರಬೇಕೋ ಬೇಡವೋ ಈಗಲೇ ತೀರ್ಮಾನಿಸಿ. ಫ್ರೇಮ್‌ಗೆ ಏರಿಸಿದ ಮೇಲೆ ತಿರುಗಿಸಲು ಆಗಲ್ಲ.

ಹಂತ 2: ಕಾಗದದ ಮೇಲೆ ಮೊದಲು ಮುಗಿಸಿ

ಈ ಹಂತ ಬಿಟ್ಟು ಹೋದವರೇ ಜಾಸ್ತಿ ಸಿಕ್ಕಿಬೀಳುವುದು. ನಮ್ಮ ಪೈಪ್‌ನ ಅಡ್ಡಕೊಯ್ತದ ಉಕ್ಕಿನ ವಿಸ್ತೀರ್ಣ ಸುಮಾರು 2048 ಚದರ ಮಿ.ಮೀ., ಸೆಕ್ಷನ್ ಮಾಡ್ಯುಲಸ್ (ಬಾಗುವುದನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಸುಮಾರು 52,700 ಘನ ಮಿ.ಮೀ.

ಲೋಡ್ ಹೀಗೆ ಇಟ್ಟುಕೊಳ್ಳೋಣ. ಒಳಗೆ 100 ಬಾರ್, ಅಂದರೆ 10 ಎಂಪಿಎ. ಜಾಕ್‌ನಿಂದ 100 ಕಿಲೋನ್ಯೂಟನ್ ಎಳೆತ. ಆಸರೆಗಳ ನಡುವೆ 2400 ಮಿ.ಮೀ. ಅಂತರ, ಪ್ರತಿ ಆಸರೆಯಿಂದ 800 ಮಿ.ಮೀ. ಒಳಗೆ ಒಂದೊಂದು ಕಡೆ 10 ಕಿಲೋನ್ಯೂಟನ್ ಒತ್ತು. ಆಗ ನಡುವಿನ 800 ಮಿ.ಮೀ. ಉದ್ದಕ್ಕೂ ಒಂದೇ ಬಾಗು ಮೊಮೆಂಟ್: 8 ಕಿಲೋನ್ಯೂಟನ್ ಮೀಟರ್.

ಹೊರಮೈ ಮೇಲಿನ ಸ್ಟ್ರೆಸ್ ಹೀಗೆ ಬರುತ್ತದೆ. ಪ್ರೆಶರ್‌ನಿಂದ ಸುತ್ತಳತೆಯ ದಿಕ್ಕಿನ ಸ್ಟ್ರೆಸ್, ಅಂದರೆ ಹೂಪ್, 80 ಎಂಪಿಎ. ಮುಚ್ಚಿದ ತುದಿಯಿಂದ ಉದ್ದಕ್ಕೆ 40. ಜಾಕ್‌ನಿಂದ ಉದ್ದಕ್ಕೆ 49. ಬಾಗುವುದರಿಂದ ಉದ್ದಕ್ಕೆ ಒಂದು ಕಡೆ ಪ್ಲಸ್ 152, ಎದುರು ಕಡೆ ಮೈನಸ್ 152.

ಉದ್ದದ ದಿಕ್ಕಿನವನ್ನು ಚಿಹ್ನೆ ಸಮೇತ ಕೂಡಿ. ಎಳೆತದ ಕಡೆ 241 ಆಯಿತು. "ಯೀಲ್ಡ್ 240, ದಾಟೇ ಹೋಯಿತಲ್ಲ" ಅಂತ ಇಲ್ಲೇ ಟೆಸ್ಟ್ ಕೈಬಿಡುವವರೂ ಇದ್ದಾರೆ. ತಾಳಿ. ಎರಡು ದಿಕ್ಕಿನ ಸ್ಟ್ರೆಸ್ ಇರುವಾಗ ಎರಡನ್ನೂ ಸೇರಿಸಿ ಯೀಲ್ಡ್‌ಗೆ ಹೋಲಿಸುವ ವಾನ್ ಮಿಸೆಸ್ ಲೆಕ್ಕ ಹಾಕಬೇಕು: ಎರಡರ ವರ್ಗಗಳನ್ನು ಕೂಡಿ, ಎರಡರ ಗುಣಲಬ್ಧ ಕಳೆದು, ವರ್ಗಮೂಲ ತೆಗೆಯಿರಿ. ಉತ್ತರ 212. ಯೀಲ್ಡ್‌ನ 88 ಶೇಕಡಾ ಆಸುಪಾಸು. ಹೂಪ್ ಎಳೆತ ಇದ್ದಾಗ ಉದ್ದದ ಎಳೆತಕ್ಕೆ ಸ್ವಲ್ಪ ಆಸರೆ ಸಿಗುತ್ತದೆ. ಉದ್ದದಲ್ಲಿ ಒತ್ತು ಇದ್ದರೆ ಅದೇ ಹೂಪ್ ತಿರುಗಿಬೀಳುತ್ತದೆ, ಯಾಕೆಂದರೆ ಮೈನಸ್ ಬಂದಾಗ ಗುಣಲಬ್ಧ ಕಳೆಯುವ ಬದಲು ಕೂಡುತ್ತೀರಿ. ಚಿಹ್ನೆ ತಪ್ಪಿದರೆ ಎಲ್ಲವೂ ತಪ್ಪು. ಒಳಮೈಯನ್ನೂ ಒಮ್ಮೆ ನೋಡಿ. ನಮ್ಮ ಉದಾಹರಣೆಯಲ್ಲಿ ಅಲ್ಲಿ ಸುಮಾರು 204 ಬರುತ್ತದೆ. ಬಾಗು ಕಡಿಮೆ ಇದ್ದು ಪ್ರೆಶರ್ ಜಾಸ್ತಿ ಇದ್ದರೆ ಒಳಮೈಯೇ ಮೊದಲು ಸೋಲುತ್ತದೆ.

ಈಗ ಗೋಡೆ 5.27 ಅಂತ ಇಟ್ಟು ಅದೇ ಲೆಕ್ಕ ಮತ್ತೆ ಮಾಡಿ. 212 ಇದ್ದದ್ದು ಸರಿಸುಮಾರು 240ಕ್ಕೆ ಹೋಗುತ್ತದೆ. ಅದೇ ಪೈಪ್, ಅದೇ ಲೋಡ್, ಕೈಯಲ್ಲಿ ಮಾರ್ಜಿನ್ ಸೊನ್ನೆ. ಅಳತೆಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಹಂತ 3: ತುದಿ ಮುಚ್ಚುವುದು, ಬಲ ಎಲ್ಲಿ ಹೋಗುತ್ತದೆ ನೋಡುವುದು

100 ಬಾರ್ ಇದ್ದಾಗ ಈ ಪೈಪ್‌ನ ಮುಚ್ಚಳದ ಮೇಲೆ 82 ಕಿಲೋನ್ಯೂಟನ್ ಬಲ ಬೀಳುತ್ತದೆ. ಎಂಟು ಟನ್‌ಗೂ ಮೇಲೆ! ಮುಚ್ಚಳ ಪೈಪ್‌ಗೇ ವೆಲ್ಡ್ ಆಗಿದ್ದರೆ ಅಷ್ಟೂ ಬಲ ಪೈಪ್‌ನ ಗೋಡೆಯಲ್ಲಿ ಹರಿಯುತ್ತದೆ. ಲೆಕ್ಕದ ಆ 40 ಎಂಪಿಎ ಬಂದದ್ದು ಅಲ್ಲಿಂದ.

ಹಲವು ಶೆಡ್‌ಗಳಲ್ಲಿ ವೆಲ್ಡಿಂಗ್ ತಪ್ಪಿಸಲು ಓ-ರಿಂಗ್ ಇರುವ ಪ್ಲಗ್ ಒಳಗೆ ತೂರಿಸಿ, ಅದು ಹೊರಗೆ ಬರದಂತೆ ಫ್ರೇಮ್‌ಗೆ ಒರಗಿಸುತ್ತಾರೆ. ಆಗ 82 ಕಿಲೋನ್ಯೂಟನ್ ಫ್ರೇಮ್‌ಗೆ ಹೋಗುತ್ತದೆ, ಪೈಪ್‌ಗೆ ಉದ್ದದ ಸ್ಟ್ರೆಸ್ ಬರುವುದೇ ಇಲ್ಲ. ನಮ್ಮ ಲೋಡ್‌ಗಳನ್ನೇ ಇಟ್ಟು ನೋಡಿ: ರಿಪೋರ್ಟ್‌ನಲ್ಲಿ 212 ಅಂತ ಬರೆಯುತ್ತೀರಿ, ಪೈಪ್ ಅನುಭವಿಸಿದ್ದು 175. ಟೆಸ್ಟ್ ಸುಳ್ಳು ಪಾಸ್. ಜಾಕ್ ಎಳೆಯುವ ಬದಲು ತಳ್ಳುವ ಟೆಸ್ಟ್ ಆಗಿದ್ದರೆ ಕಥೆ ಉಲ್ಟಾ. ಮುಚ್ಚಳ ವೆಲ್ಡ್ ಆಗಿದ್ದರೆ 212, ಪ್ಲಗ್ ಆದರೆ 250. ಯೀಲ್ಡ್ ದಾಟಿತು. ಜೊತೆಗೆ ಪ್ಲಗ್ ಇದ್ದಾಗ ಒಳಗಿನ ಪ್ರೆಶರ್ ಪೈಪನ್ನು ಕಂಬದಂತೆ ಸೊಟ್ಟ ಮಾಡಲು ನೋಡುತ್ತದೆ. ವೆಲ್ಡ್ ಮಾಡಿದ ಮುಚ್ಚಳದಲ್ಲಿ ಈ ಕಾಟವಿಲ್ಲ.

ಪ್ಲಗ್ ತಪ್ಪು ಅಂತಲ್ಲ. ಯಾವುದನ್ನು ಬಳಸಿದಿರಿ ಅಂತ ಲೆಕ್ಕದಲ್ಲೂ ರಿಪೋರ್ಟ್‌ನಲ್ಲೂ ಬರೆಯಿರಿ. ನನ್ನನ್ನು ಕೇಳಿದರೆ ಡಿಶ್ ಎಂಡ್ (ಬಟ್ಟಲಿನಂತೆ ಉಬ್ಬಿದ ಮುಚ್ಚಳ) ಅಥವಾ ಸರಿಯಾದ ರೇಟಿಂಗ್‌ನ ಬ್ಲೈಂಡ್ ಫ್ಲೇಂಜ್ (ತೂತಿಲ್ಲದ, ಬೋಲ್ಟ್ ಹಾಕುವ ಮುಚ್ಚಳ) ಹಾಕಿ. 6 ಮಿ.ಮೀ. ಪ್ಲೇಟ್ ಗುಂಡಗೆ ಕತ್ತರಿಸಿ ವೆಲ್ಡ್ ಮಾಡುವ ಚಟ ಬಿಡಿ. ಈ ಪ್ರೆಶರ್‌ಗೆ ಅಂಥ ಪ್ಲೇಟ್‌ನ ಅಂಚಿನಲ್ಲಿ 500 ಎಂಪಿಎಗೂ ಜಾಸ್ತಿ ಸ್ಟ್ರೆಸ್ ಬರುತ್ತದೆ. ಪೈಪ್‌ಗಿಂತ ಮೊದಲು ಅದೇ ಹಾರುತ್ತದೆ.

ಹಂತ 4: ಸ್ಟ್ರೇನ್ ಗೇಜ್ ಅಂಟಿಸುವುದು

ಪೈಪ್‌ನ ನಡುಭಾಗದಲ್ಲಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಹೀಗೆ ನಾಲ್ಕು ಕಡೆ. ಪ್ರತಿ ಕಡೆ ಉದ್ದಕ್ಕೆ ಒಂದು, ಸುತ್ತಳತೆಗೆ ಒಂದು. ತಿರುಚು ಬಲ ಕೂಡ ಇದ್ದರೆ 45 ಡಿಗ್ರಿಯ ಮೂರನೆಯದು ಇರುವ ರೊಸೆಟ್ ಹಾಕಿ. ಮುಚ್ಚಳ, ವೆಲ್ಡ್, ಒತ್ತುವ ಜಾಗಗಳಿಂದ ಕನಿಷ್ಠ ಎರಡು ವ್ಯಾಸದಷ್ಟು ದೂರ ಇರಲಿ.

ಬಣ್ಣ, ತುಕ್ಕು, ಮಿಲ್ ಸ್ಕೇಲ್ (ಮಿಲ್‌ನಿಂದಲೇ ಬರುವ ಕಪ್ಪು ಪದರ) ಎಲ್ಲ ತೆಗೆದು ಪಾಲಿಶ್ ಪೇಪರ್‌ನಿಂದ ಉಜ್ಜಿ. ಗ್ರೈಂಡರ್ ಹಿಡಿದು ಗುಂಡಿ ಮಾಡಬೇಡಿ. ಆಮೇಲೆ ಅಸಿಟೋನ್‌ನಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ಬಟ್ಟೆಯಲ್ಲಿ ಕಪ್ಪು ಕಾಣದ ತನಕ. ಪ್ರತಿ ಸಲ ಹೊಸ ಬಟ್ಟೆ. ಒರೆಸಿದ ಜಾಗವನ್ನು ಬೆರಳಿನಿಂದ ಮುಟ್ಟಿ "ನೈಸ್ ಆಯ್ತು" ಅನ್ನಬೇಡಿ. ಬೆರಳಿನ ಎಣ್ಣೆಯೇ ಗೇಜ್ ಏಳಲು ಸಾಕು. ಅಂಟು ಒಂದು ತೊಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಹೆಬ್ಬೆರಳಿನಿಂದ ಅಲ್ಲಾಡಿಸದೆ ಒಂದು ನಿಮಿಷ ಒತ್ತಿ.

ಪುಣೆಯ ಮಳೆಗಾಲದಲ್ಲಿ ತೇವವೇ ದೊಡ್ಡ ಶತ್ರು. ಅಂಟಿಸಿ ಸೋಲ್ಡರ್ ಮಾಡಿದ ಕೂಡಲೇ ಮೇಣ ಅಥವಾ ಸಿಲಿಕೋನ್ ಹೊದಿಸಿ. ಗೇಜ್ ಮತ್ತು ಪೈಪ್ ನಡುವಿನ ಇನ್ಸುಲೇಶನ್ ನೋಡಿ, ನೂರು ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಕಿತ್ತು ಹೊಸದು ಹಾಕಿ. ಎಲೆಕ್ಟ್ರಿಷಿಯನ್‌ನ 500 ವೋಲ್ಟ್ ಮೆಗರ್ ಮಾತ್ರ ಹಚ್ಚಬೇಡಿ, ಗೇಜ್ ಸುಟ್ಟೀತು. ಕಡಿಮೆ ವೋಲ್ಟೇಜ್‌ನ ಮೀಟರ್ ಬೇಕು. ಬಿಸಿಲಿಗೆ ಉಕ್ಕು ಪ್ರತಿ ಡಿಗ್ರಿಗೆ ಸುಮಾರು 12 ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲಿ 12 ಪಾಲು) ಹಿಗ್ಗುತ್ತದೆ. ಅದಕ್ಕೆ ಉಕ್ಕಿಗೆ ಹೊಂದುವ ಗೇಜ್ ತನ್ನಿ, ಜೊತೆಗೆ ಲೋಡ್ ಇಲ್ಲದ ಅದೇ ಪೈಪ್‌ನ ತುಂಡಿನ ಮೇಲೆ ಒಂದು ಡಮ್ಮಿ ಗೇಜ್ ಇಡಿ.

ಹಂತ 5: ಫ್ರೇಮ್‌ನಲ್ಲಿ ಕೂರಿಸುವುದು

ಒಂದು ಆಸರೆ ಪಿನ್, ಇನ್ನೊಂದು ರೋಲರ್. ಎರಡನ್ನೂ ಬಿಗಿದರೆ ಬಾಗುವಾಗ ಲೆಕ್ಕದಲ್ಲಿಲ್ಲದ ಎಳೆತ ಹುಟ್ಟುತ್ತದೆ. ಒತ್ತುವ ಜಾಗದಲ್ಲಿ ಪೈಪ್‌ಗೆ ಕೂರುವ ಸ್ಯಾಡಲ್ ಮತ್ತು ನಡುವೆ ರಬ್ಬರ್ ಇರಲಿ. ಬರೀ ರಾಡ್ ಇಟ್ಟು ಒತ್ತಿದರೆ ಬಾಗುವ ಮೊದಲೇ ಪೈಪ್ ನಗ್ಗುತ್ತದೆ.

ಎಳೆಯುವ ಜಾಕ್‌ನ ಗೆರೆ ಪೈಪ್‌ನ ನಡುಗೆರೆಯ ಮೇಲೇ ಬರಬೇಕು. ಐದು ಮಿ.ಮೀ. ಆಚೀಚೆ ಆದರೆ ಏನಾಯಿತು ಅನ್ನಬೇಡಿ. 100 ಕಿಲೋನ್ಯೂಟನ್‌ಗೆ 5 ಮಿ.ಮೀ. ಅಂದರೆ ಅರ್ಧ ಕಿಲೋನ್ಯೂಟನ್ ಮೀಟರ್ ಬಾಗು, ಒಂದು ಕಡೆ 9.5 ಎಂಪಿಎ ಜಾಸ್ತಿ, ಎದುರು ಕಡೆ ಅಷ್ಟೇ ಕಡಿಮೆ. ನೀವು ಹಾಕುವ ಎಳೆತದ ಸ್ಟ್ರೆಸ್‌ನಲ್ಲಿ ಅದು ಐದರಲ್ಲಿ ಒಂದು ಪಾಲು.

ಹಂತ 6: ನೀರು ತುಂಬಿ, ಪ್ರೆಶರ್ ಮಾತ್ರ ಹಾಕಿ

ನೀರು, ನೀರು ಮಾತ್ರ. ಕಂಪ್ರೆಸರ್ ಪಕ್ಕದಲ್ಲೇ ಇದೆ ಅಂತ ಗಾಳಿ ತುಂಬಬೇಡಿ. ಇದೇ ಪ್ರೆಶರ್‌ನಲ್ಲಿ ಗಾಳಿಯಲ್ಲಿ ಕೂಡಿಟ್ಟ ಶಕ್ತಿ ನೀರಿನದ್ದಕ್ಕಿಂತ ನೂರಾರು ಪಟ್ಟು ಜಾಸ್ತಿ. ಪೈಪ್‌ನ ಒಂದು ತುದಿ ಸ್ವಲ್ಪ ಎತ್ತಿ, ಮೇಲಿನ ವೆಂಟ್‌ನಿಂದ ಗುಳ್ಳೆ ಬರುವುದು ಪೂರ್ತಿ ನಿಲ್ಲುವ ತನಕ ನೀರು ಬಿಡಿ. ಪಂಪ್ ಹೊಡೆದಷ್ಟೂ ಮುಳ್ಳು ಏಳದೆ ಮೆತ್ತಗೆ ಅನಿಸಿದರೆ ಒಳಗೆ ಗಾಳಿ ಉಳಿದಿದೆ ಎಂದೇ ಅರ್ಥ.

ಎಳೆಯುವ ಜಾಕ್ ಸಡಿಲ ಇರಲಿ. 20 ಬಾರ್‌ಗೆ ಹೋಗಿ ಸೋರಿಕೆ ನೋಡಿ, ಇಳಿಸಿ, ಗೇಜ್‌ಗಳು ಸೊನ್ನೆಗೆ ವಾಪಸ್ ಬಂದವಾ ನೋಡಿ. ಆಮೇಲೆ 25, 50, 75, 100. ಪ್ರತಿ ಮೆಟ್ಟಿಲಲ್ಲೂ ರೀಡಿಂಗ್.

ಈಗ ಆ 40 ಮತ್ತು 16ರ ಉತ್ತರ. ಪೂರ್ತಿ ಪ್ರೆಶರ್‌ನಲ್ಲಿ ಹೂಪ್ ಗೇಜ್ ಸುಮಾರು 340 ಮೈಕ್ರೋಸ್ಟ್ರೇನ್, ಉದ್ದದ ಗೇಜ್ 80 ಆಸುಪಾಸು ತೋರಿಸಬೇಕು. 80ನ್ನು ನೇರವಾಗಿ ಯಂಗ್ಸ್ ಮಾಡ್ಯುಲಸ್‌ನಿಂದ, ಅಂದರೆ 2 ಲಕ್ಷ ಎಂಪಿಎಯಿಂದ, ಗುಣಿಸಿದರೆ 16 ಬರುತ್ತದೆ. ಅದು ಸ್ಟ್ರೆಸ್ ಅಲ್ಲ. ಪೈಪ್ ಸುತ್ತಳತೆಯಲ್ಲಿ ಹಿಗ್ಗುವಾಗ ಉದ್ದದಲ್ಲಿ ಕುಗ್ಗಲು ನೋಡುತ್ತದೆ, ಆ ಕುಗ್ಗುವಿಕೆ ರೀಡಿಂಗ್‌ನಿಂದ ಕಳೆದುಹೋಗಿರುತ್ತದೆ. ಉದ್ದದ ಸ್ಟ್ರೇನ್‌ಗೆ ಹೂಪ್ ಸ್ಟ್ರೇನ್‌ನ 0.3 ಪಾಲು ಕೂಡಿ, ಮಾಡ್ಯುಲಸ್‌ನಿಂದ ಗುಣಿಸಿ, 0.91ರಿಂದ ಭಾಗಿಸಿ. 40 ಬರುತ್ತದೆ.

ಇದೇ ರೀಡಿಂಗ್‌ನಿಂದ ಮೂರನೇ ಹಂತದ ಪ್ರಶ್ನೆಗೂ ಉತ್ತರ ಸಿಗುತ್ತದೆ. ಹೂಪ್ ರೀಡಿಂಗ್ ಉದ್ದದ್ದಕ್ಕಿಂತ ನಾಲ್ಕು ಪಟ್ಟಿಗೆ ಸ್ವಲ್ಪ ಜಾಸ್ತಿ ಇದ್ದರೆ ಮುಚ್ಚಳದ ಬಲ ಪೈಪ್‌ನಲ್ಲೇ ಇದೆ. ಉದ್ದದ ಗೇಜ್ ಮೈನಸ್ 120 ಕಡೆ ಹೋದರೆ ಬಲವನ್ನು ಫ್ರೇಮ್ ತಿನ್ನುತ್ತಿದೆ. ಎರಡರ ನಡುವೆ ಎಲ್ಲೋ ನಿಂತರೆ ಪೈಪ್ ಎಲ್ಲೋ ಸಿಕ್ಕಿಕೊಂಡಿದೆ, ರೋಲರ್ ಬಳಿ ಹೋಗಿ ನೋಡಿ.

ಹಂತ 7: ಎಳೆತ ಮಾತ್ರ, ಬಾಗು ಮಾತ್ರ

ಪ್ರೆಶರ್ ಇಳಿಸಿ. 20 ಕಿಲೋನ್ಯೂಟನ್ ಎಳೆಯಿರಿ. ನಾಲ್ಕೂ ಕಡೆಯ ಉದ್ದದ ಗೇಜ್‌ಗಳು ಒಂದೇ ರೀಡಿಂಗ್ ತೋರಬೇಕು. ಮೇಲೆ ಕೆಳಗೆ ವ್ಯತ್ಯಾಸ ಇದ್ದರೆ ಜಾಕ್‌ನ ಗೆರೆ ಸರಿ ಇಲ್ಲ, ಶಿಮ್ (ತೆಳು ತಗಡು) ಹಾಕಿ ಸರಿಪಡಿಸಿ. ಆಮೇಲೆ ಎಳೆತ ಬಿಟ್ಟು ಸ್ವಲ್ಪ ಬಾಗಿಸಿ. ಮೇಲೆ ಕೆಳಗೆ ಸಮ ಮತ್ತು ವಿರುದ್ಧ, ಎಡ ಬಲ ಹೆಚ್ಚುಕಡಿಮೆ ಸೊನ್ನೆ. ಹಾಗೆ ಬರದಿದ್ದರೆ ಮುಂದೆ ಹೋಗಬೇಡಿ.

ಹಂತ 8: ಮೂರನ್ನೂ ಸೇರಿಸುವುದು

ಕ್ರಮ ಹೀಗೆ: ಪ್ರೆಶರ್ ಮೊದಲು, ಆಮೇಲೆ ಎಳೆತ, ಕೊನೆಗೆ ಬಾಗು. ಯೀಲ್ಡ್‌ಗಿಂತ ಕೆಳಗೆ ಯಾವ ಕ್ರಮವಾದರೂ ಅಂತಿಮ ಸ್ಟ್ರೆಸ್ ಒಂದೇ ಅಲ್ವಾ, ಮತ್ತೆ ಯಾಕೆ ಈ ಹಟ? ಕಾಗದದ ಮೇಲೆ ಒಂದೇ, ಫ್ರೇಮ್ ಮೇಲೆ ಅಲ್ಲ. ಎಳೆತ ಮೊದಲು ಹಾಕಿ ಜಾಕ್‌ನ ವಾಲ್ವ್ ಮುಚ್ಚಿದಿರಿ ಅಂತ ಇಟ್ಟುಕೊಳ್ಳಿ. ಪ್ರೆಶರ್ ಏರಿಸಿದಾಗ ಪೈಪ್ ಸ್ವಲ್ಪ ಉದ್ದವಾಗುತ್ತದೆ, ಎಳೆತ ಸಡಿಲವಾಗುತ್ತದೆ. ಫ್ರೇಮ್ ಗಟ್ಟಿ ಇದ್ದಷ್ಟೂ ನಷ್ಟ ಜಾಸ್ತಿ, ನಮ್ಮ ಪೈಪ್‌ಗೆ 30 ಕಿಲೋನ್ಯೂಟನ್ ತನಕ ಹೋಗಬಹುದು. ಜೊತೆಗೆ ಸೋರಿಕೆ ಇದ್ದರೆ, ಬೇರೆ ಲೋಡ್ ಇಲ್ಲದಾಗಲೇ ಅದು ಗೊತ್ತಾಗುವುದು ಒಳ್ಳೆಯದು.

ಒಂದೊಂದು ಲೋಡ್ ಏರಿಸಿದಾಗಲೂ ಉಳಿದ ಎರಡನ್ನೂ ನೋಡಿ, ಜಾರಿದ್ದರೆ ಸರಿಪಡಿಸಿ. ಎಳೆದಾಗ ಪೈಪ್‌ನ ಒಳಗಿನ ಜಾಗ ಸ್ವಲ್ಪ ಹೆಚ್ಚಿ ಪ್ರೆಶರ್ ಒಂದೆರಡು ಬಾರ್ ಇಳಿಯುವುದು ಸಹಜ. ಸೋರಿಕೆ ಅಂತ ಗಾಬರಿ ಬೇಡ. ಇಳಿದು ನಿಂತರೆ ಸರಿ, ಇಳಿಯುತ್ತಲೇ ಇದ್ದರೆ ಸೋರಿಕೆ. ಉಲ್ಟಾ ಕೂಡ ಆಗುತ್ತದೆ: ತಗಡಿನ ಶೆಡ್‌ನಲ್ಲಿ ಮಧ್ಯಾಹ್ನ ಪಂಪ್ ಮುಟ್ಟದೆಯೇ ಪ್ರೆಶರ್ ಏರುತ್ತದೆ. ತುಂಬಿ ಮುಚ್ಚಿದ ಪೈಪ್‌ನಲ್ಲಿ ನೀರು ಒಂದು ಡಿಗ್ರಿ ಬಿಸಿಯಾದರೆ ನಾಲ್ಕೈದು ಬಾರ್ ಏರಬಹುದು. ರಿಲೀಫ್ ವಾಲ್ವ್ ಇರಬೇಕಾದದ್ದು ಇದಕ್ಕೂ ಹೌದು. ಬೆಳಿಗ್ಗೆ ಬೇಗ ಶುರು ಮಾಡಿ.

ಬಾಗಿಸುವಾಗ ಡಯಲ್ ಗೇಜ್ ನೋಡುತ್ತಿರಿ. ನಮ್ಮ ಲೋಡ್‌ಗೆ ಪೈಪ್‌ನ ನಡು ಸುಮಾರು 8 ಮಿ.ಮೀ. ಬಾಗಿ ಜರುಗುತ್ತದೆ. 100 ಕಿಲೋನ್ಯೂಟನ್ ಬಲ ಈಗ 8 ಮಿ.ಮೀ. ಆಚೆ ಇರುವ ಪೈಪ್ ಮೇಲೆ ಕೆಲಸ ಮಾಡುತ್ತಿದೆ. ಅಂದರೆ 0.8 ಕಿಲೋನ್ಯೂಟನ್ ಮೀಟರ್, ಮೂಲ ಬಾಗಿನ ಹತ್ತು ಶೇಕಡಾ. ಎಳೆತ ಇದ್ದರೆ ಅಷ್ಟು ಕಡಿಮೆಯಾಗುತ್ತದೆ, ತಳ್ಳುತ್ತಿದ್ದರೆ ಸೇರಿಕೊಳ್ಳುತ್ತದೆ. ರೀಡಿಂಗ್ ಲೆಕ್ಕಕ್ಕಿಂತ ಹತ್ತು ಶೇಕಡಾ ಆಚೀಚೆ ಇದೆ ಅಂತ ಗೇಜ್‌ಗೆ ಬೈಯುವ ಮೊದಲು ಇದನ್ನು ಸೇರಿಸಿ ನೋಡಿ. ತಳ್ಳುವ ಟೆಸ್ಟ್ ಆದರೆ ಇದನ್ನು ಎರಡನೇ ಹಂತದಲ್ಲೇ ಸೇರಿಸಿಕೊಳ್ಳಬೇಕು.

ಕೊನೆಯ ಲೋಡ್‌ನಲ್ಲಿ ಹತ್ತು ನಿಮಿಷ ಹಿಡಿದಿಡಿ. ಇಳಿಸುವಾಗ ಕ್ರಮ ತಿರುಗಿಸಿ: ಬಾಗು, ಎಳೆತ, ಪ್ರೆಶರ್.

ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಲೋಡ್ ಹಾಗೇ ಇದ್ದು ಸ್ಟ್ರೇನ್ ತಾನಾಗಿ ಏರುತ್ತಿದ್ದರೆ, ನಿಲ್ಲಿಸಿ. ಲೋಡ್ ಮತ್ತು ಡಯಲ್ ಗೇಜ್ ರೀಡಿಂಗ್‌ನ ಗ್ರಾಫ್ ಗೆರೆ ನೆಟ್ಟಗೆ ಹೋಗುತ್ತಿದ್ದದ್ದು ಬಾಗತೊಡಗಿದರೆ, ನಿಲ್ಲಿಸಿ. ಸೋರಿಕೆ ಕಾಣದೆ ಪ್ರೆಶರ್ ಬೀಳುತ್ತಿದ್ದರೆ ಪೈಪ್ ಯೀಲ್ಡ್ ಆಗಿ ಹಿಗ್ಗುತ್ತಿರಬಹುದು. ಒತ್ತಿನ ಕಡೆ ಬಣ್ಣ ಅಥವಾ ಸ್ಕೇಲ್ ಗೆರೆಗೆರೆಯಾಗಿ ಉದುರಿದರೆ, ಮೈ ಅಲೆಯಂತೆ ಕಾಣಿಸಿದರೆ ಸುಕ್ಕು ಶುರುವಾಗಿದೆ. ತೆಳು ಗೋಡೆಯ ದೊಡ್ಡ ಪೈಪ್‌ಗಳಲ್ಲಿ ಇದು ಯೀಲ್ಡ್‌ಗೂ ಮೊದಲೇ ಬರಬಹುದು. ಆದರೆ ಲೋಡ್ ಇರುವಾಗ ಕೈ ಹಾಕಿ ನೋಡಬೇಡಿ. ಸೋರುವ ಜಾಯಿಂಟನ್ನು ಪ್ರೆಶರ್‌ನಲ್ಲೇ ಸ್ಪ್ಯಾನರ್ ಹಿಡಿದು ಬಿಗಿಯುವುದಂತೂ ಬೇಡವೇ ಬೇಡ.

ಮುಚ್ಚಳಗಳ ಎದುರು ಸಾಲಿನಲ್ಲಿ ಯಾರೂ ನಿಲ್ಲಬಾರದು. ರೀಡಿಂಗ್ ಪೆಟ್ಟಿಗೆ ಪಕ್ಕಕ್ಕೆ, ನಡುವೆ ದಪ್ಪ ಪ್ಲೇಟ್ ಇಡಿ. ಹೆಲ್ಪರ್‌ಗಳಲ್ಲಿ ಒಬ್ಬ ಮರಾಠಿ, ಒಬ್ಬ ಬಿಹಾರದವ, ಒಬ್ಬ ಜತ್ತದ ಕನ್ನಡಿಗ ಇರುತ್ತಾರೆ. ಗಡಿಬಿಡಿಯಲ್ಲಿ ಯಾರು ಯಾವ ಭಾಷೆಯಲ್ಲಿ ಕೂಗಿದರೂ ಒಬ್ಬನಿಗೆ ತಿಳಿಯಲ್ಲ. ಒಂದು ಸೀಟಿ ಇಟ್ಟುಕೊಳ್ಳಿ. ಊದಿದರೆ ಎಲ್ಲರೂ ದೂರ, ಅಷ್ಟೇ. ಭೋಸರಿ ಕಡೆ ಬಹಳಷ್ಟು ಶೆಡ್‌ಗಳಿಗೆ ಗುರುವಾರ ರಜೆ, ಆ ದಿನ ಇಟ್ಟುಕೊಂಡರೆ ಜನ ಓಡಾಡುವುದು ಕಡಿಮೆ. ಪಕ್ಕದ ಶೆಡ್‌ನ ಪವರ್ ಪ್ರೆಸ್ ಕೂಡ ನಿಂತಿರುತ್ತದೆ, ರೀಡಿಂಗ್ ಕುಣಿಯುವುದಿಲ್ಲ. ಕರೆಂಟ್ ಇರುತ್ತದಾ ಅಂತ ಹಿಂದಿನ ದಿನವೇ ವಿಚಾರಿಸಿ.

ಹಂತ 9: ಇಳಿಸಿದ ಮೇಲೆ

ಎಲ್ಲ ಲೋಡ್ ಬಿಟ್ಟ ಮೇಲೆ ಗೇಜ್‌ಗಳು ಸೊನ್ನೆಗೆ ಬರಬೇಕು. ಹಿಂದಿನ ತಾಪಮಾನಕ್ಕೆ ಬರಲು ಸ್ವಲ್ಪ ಹೊತ್ತು ಕೊಡಿ, ಡಮ್ಮಿ ಗೇಜ್‌ನ ರೀಡಿಂಗ್ ಕಳೆಯಿರಿ. ಒಂದೇ ಗೇಜ್ ವಾಪಸ್ ಬಂದಿಲ್ಲ ಅಂದರೆ ಅಂಟು ಜಾರಿರಬಹುದು. ಒಂದೇ ಕಡೆಯ ಹೂಪ್, ಉದ್ದ ಎರಡೂ ಬಂದಿಲ್ಲ, ಡಯಲ್ ಗೇಜ್ ಕೂಡ ಬಂದಿಲ್ಲ ಅಂದರೆ ಪೈಪ್ ಯೀಲ್ಡ್ ಆಗಿದೆ. ಆ ಪೈಪನ್ನು ಇನ್ನೊಂದು ಟೆಸ್ಟ್‌ಗೆ ಬಳಸುವಂತಿಲ್ಲ, ಸೈಟ್‌ಗೆ ಕಳಿಸುವಂತೆಯೂ ಇಲ್ಲ. ಕೆಂಪು ಬಣ್ಣ ಬಳಿದು ಸ್ಕ್ರ್ಯಾಪ್‌ಗೆ ಹಾಕಿ. ಬಣ್ಣ ಬಳಿಯದೆ ಮೂಲೆಗೆ ಒರಗಿಸಿಟ್ಟರೆ ತಿಂಗಳೊಳಗೆ ಯಾರೋ ಅದನ್ನು ಕತ್ತರಿಸಿ ಲೈನ್‌ಗೆ ಸೇರಿಸಿರುತ್ತಾರೆ.

ರಿಪೋರ್ಟ್‌ನಲ್ಲಿ ಅಳೆದ ದಪ್ಪ, ಹೀಟ್ ನಂಬರ್, ತುದಿ ಮುಚ್ಚಿದ ರೀತಿ, ಲೋಡ್ ಹಾಕಿದ ಕ್ರಮ, ನೀರಿನ ತಾಪಮಾನ, ಪ್ರತಿ ಮೆಟ್ಟಿಲಿನ ಮೂರೂ ಲೋಡ್ ಮತ್ತು ಎಂಟೂ ಗೇಜ್‌ಗಳ ರೀಡಿಂಗ್ ಇರಲಿ. ಸರಾಸರಿ ಮಾಡಿದ ಅಂಕಿ ಮಾತ್ರ ಬರೆದು ಕಚ್ಚಾ ರೀಡಿಂಗ್ ಬಿಸಾಡಬೇಡಿ. ಗ್ರಾಹಕರ ಕಡೆಯ ಇನ್‌ಸ್ಪೆಕ್ಟರ್ ಮೊದಲು ಕೇಳುವುದು ಅದನ್ನೇ.